ಇಲ್ಲದ ಗಾಣದ ಪಕ್ಕದ ವಾಲ್ವು

ಬೆಳಗಿನ ಐದೂಕಾಲು. ತೆರಕಣಾಂಬಿಯ ಮಂಡಿಯಲ್ಲಿ ಕೇರಳದ ಲಾರಿಗೆ ಟೊಮೊಟೊ ಕ್ರೇಟು ಏರಿಸುವ ಸದ್ದು ಆಗಲೇ ಶುರುವಾಗಿದೆ. ಒಳಬೀದಿಯಲ್ಲಿ ಹಳೇ ಸೈಕಲ್ಲೊಂದು ಗೋಡೆಗೆ ಒರಗಿದೆ. ಅದರ ಯಜಮಾನರು ಮೊಣಕಾಲೂರಿ ಕೂತು, ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿ, ಹಿಡಿಗೆ ಕಿವಿ ಆನಿಸಿದ್ದಾರೆ. ಕೀಲಿ ಎರಡು ಸುತ್ತು ತಿರುಗುತ್ತದೆ. ಒಳಗೆಲ್ಲೋ ನೀರು ಗೊರಗುಟ್ಟುತ್ತದೆ. "ಬಂತು," ಎನ್ನುತ್ತಾರೆ ಗುರುಮಲ್ಲಯ್ಯ, ನೆಂಟರು ಬಸ್ಸಿಳಿದಷ್ಟು ಸಂತೋಷದಲ್ಲಿ.

ಮೂವತ್ತಮೂರು ವರ್ಷದಿಂದ ಊರಿಗೆ ನೀರು ಬಿಡುವುದು ಇವರ ಕೆಲಸ. ಎಲ್ಲರೂ ವಾಟರ್‌ಮನ್ ಎಂದರೆ, ವಯಸ್ಸಾದವರು ಮಾತ್ರ ಇನ್ನೂ ನೀರುಗಂಟಿ ಎಂದೇ ಕೂಗುತ್ತಾರೆ. ಇವರ ತಾತ ಕೆರೆಯ ತೂಬು ಕಾಯುತ್ತಿದ್ದವರು. ಇಪ್ಪತ್ತೆರಡು ವಾಲ್ವು, ದಿನಕ್ಕೆ ಹನ್ನೊಂದು ಕಿಲೋಮೀಟರ್ ಸೈಕಲ್ಲು. ನಕ್ಷೆ ಎಂಬುದಿಲ್ಲ, ಇರುವುದೆಲ್ಲ ಇವರ ತಲೆಯಲ್ಲಿ.

ವಾಲ್ವುಗಳಿಗೆ ಹೆಸರಿವೆ. ಹುಣಸೆಮರದ ವಾಲ್ವು, ಟೆಂಟಿನ ವಾಲ್ವು, ಗಾಣದ ವಾಲ್ವು. ರಸ್ತೆ ಅಗಲವಾದಾಗ ಹುಣಸೆಮರ ಹೋಯಿತು. ಸಿನಿಮಾ ಟೆಂಟಿದ್ದಲ್ಲಿ ಗೊಬ್ಬರದಂಗಡಿ ಇದೆ. ರಾಜಣ್ಣನ ಎತ್ತು ದಿನವಿಡೀ ಸುತ್ತುತ್ತ, ಇಡೀ ಬೀದಿಗೆ ಎಳ್ಳೆಣ್ಣೆಯ ಘಮ ಹಂಚುತ್ತಿದ್ದ ಗಾಣದ ಜಾಗದಲ್ಲೀಗ ಮೊಬೈಲ್ ರಿಪೇರಿ. ಹೋದ ವರ್ಷ ಗುರುಮಲ್ಲಯ್ಯನವರಿಗೆ ಜ್ವರ ಬಂದಾಗ ಬದಲಿಗೆ ಬಂದ ಅಳಿಯ ಸೋಮೇಶ್, ಊರಾಚೆ ಹುಣಸೆಮರವೊಂದನ್ನು ಹುಡುಕಿ ಅದರ ಬುಡ ಅಗೆದಿದ್ದ.

"ಎರಡಡಿ ಅಗ್ದಿದ್ದ, ಪಾಪ," ಎಂದು ಅವರು ನಗುತ್ತಾರೆ. "ನಂದೇ ತಪ್ಪು. ಮರ ಇಲ್ಲ ಅಂತ ಯೋಳೇ ಇರ್ನಿಲ್ಲ."

ಮೇಲಿನ ಬೀದಿಯ ಕೊನೇ ಮನೆಯ ಕರಿಯಮ್ಮನಿಗೆ ಒಂದು ಕೈ ಸ್ವಾಧೀನವಿಲ್ಲ. ಒಮ್ಮೆಗೆ ಒಂದೇ ಬಿಂದಿಗೆ. ಆ ಬೀದಿಯ ನೀರು ದಿನವೂ ಹತ್ತು ನಿಮಿಷ ತಡವಾಗಿ ನಿಲ್ಲುತ್ತದೆ. ಏಕೆಂದು ಕೇಳಿದರೆ ಗುರುಮಲ್ಲಯ್ಯ ಕೈಗಡಿಯಾರ ತೋರಿಸುತ್ತಾರೆ: "ಇದು ವಸಿ ನಿಧಾನ."

ತಿಂಗಳ ಕೊನೆಗೆ ಅವರ ಕೆಲಸ ಮುಗಿಯುತ್ತದೆ. ಅದಕ್ಕೂ ಮೊದಲು, ಈ ಶನಿವಾರ, ಗಾಣದ ಬೀದಿಗೆ ಕಾಂಕ್ರೀಟು ಬೀಳಲಿದೆ. ಗಾಣದ ವಾಲ್ವು ಸದಾ ತೆರೆದೇ ಇರುವಂಥದ್ದು. ಮೇಲಿನ ಬೀದಿಯ ಪೈಪು ಒಡೆದಾಗ ಮಾತ್ರ ಮುಚ್ಚಬೇಕು. ಏಳು ವರ್ಷದಿಂದ ಯಾರೂ ಮುಟ್ಟದೆ ಮಣ್ಣು ಸೇರಿದೆ. ಕಾಂಕ್ರೀಟಿನಡಿ ಹೋದರೆ, ಮುಂದೆ ಪೈಪು ಒಡೆದ ದಿನ ರಸ್ತೆ ಒಡೆದು, ವಾಲ್ವು ಮುಚ್ಚಿ ರಿಪೇರಿ ಮಾಡುವವರೆಗೆ ನಲವತ್ತೆರಡು ಮನೆಗೆ ನೀರಿಲ್ಲ. ಕರಿಯಮ್ಮನಿಗೂ ಇಲ್ಲ.

ಶನಿವಾರ ಆರು ಗಂಟೆಗೇ ಸೋಮೇಶ್ ಹಾರೆ ಹಿಡಿದು ನಿಂತಿದ್ದಾನೆ. "ಮರಿತಾಯಮ್ಮನ ಹೊಸ್ತಿಲಿಂದ ಗಾಣದ ಕಡೀಕೆ ಏಳು ಹೆಜ್ಜೆ," ಎಂದು ಗುರುಮಲ್ಲಯ್ಯ ಆ ಬೀದಿಯ ಅಜ್ಜಿಯ ಮನೆಬಾಗಿಲಿಂದ ಎಣಿಸುತ್ತಾರೆ. ಅಗೆದರೆ ಬರೀ ಮಣ್ಣು. ಮತ್ತೆ ಎಣಿಸುತ್ತಾರೆ, ಒಂದು ಮಾರು ಆಚೆ ಅಗೆಯುತ್ತಾರೆ. ಅಲ್ಲೂ ಮಣ್ಣೇ.

"ಮಾವ, ವಾಲ್ವು ಎದ್ದು ಗುಂಡ್ಲುಪೇಟೆ ಬಸ್ ಅತ್ಬುಡ್ತಾ?" ಸೋಮೇಶ್ ಬೆವರು ಒರೆಸಿಕೊಳ್ಳುತ್ತಾನೆ.

"ಬಾಯ್ ಮುಚ್ಕಂಡು ಅಗಿ ಕಣ್ಲಾ."

ರಸ್ತೆ ಕೆಲಸದ ಮೇಸ್ತ್ರಿ ಚಂದ್ರಕುಮಾರ್ ಗಡಿಯಾರ ನೋಡುತ್ತಾರೆ. "ಎಂಟಕ್ಕೆ ಗಾಡಿ ಬರುತ್ತೆ ಯಜಮಾನ್ರೇ. ಬಂದ ಮೇಲೆ ನಿಲ್ಸಕ್ಕಾಗಲ್ಲ."

ಏಳೂವರೆ. ಮರಿತಾಯಮ್ಮ ಎಲ್ಲರಿಗೂ ಟೀ ತರುತ್ತಾರೆ. ಎಂಬತ್ತರ ಜೀವ, ತಟ್ಟೆ ಹಿಡಿದು ಟೈಲ್ಸ್ ಹಾಕಿದ ಹಾಲ್‌ನಲ್ಲಿ ನಿಧಾನ ನಡೆದು ಬರುತ್ತಾರೆ. ಹಾಲ್‌ನ ನಡುವೆ, ಏನೂ ಇಲ್ಲದ ಕಡೆ, ಪಾದವನ್ನು ಮೊಳಕಾಲೆತ್ತರ ಎತ್ತಿ ದಾಟಿ, ಮುಂದೆ ಬರುತ್ತಾರೆ.

ಗುರುಮಲ್ಲಯ್ಯ ಚಾಚಿದ ಕೈ ಹಿಂದೆಗೆಯುತ್ತಾರೆ. "ಅವ್ವೋ, ಇನ್ನೊಂದ್ ಕಿತ ನಡಿ."

"ಯಾಕ್ಲಾ ಗುರುಮಲ್ಲ, ಟೀ ಚೆಲ್ಬುಟ್ನಾ?"

"ಇಲ್ಲ ಕಣವ್ವ. ಸುಮ್ನೆ ನಡಿ."

ಅವರು ಮತ್ತೆ ನಡೆಯುತ್ತಾರೆ. ಅದೇ ಜಾಗದಲ್ಲಿ ಮತ್ತೆ ಕಾಲೆತ್ತುತ್ತಾರೆ. ಹಾಗೆ ಎತ್ತುವುದು ಅವರಿಗೇ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಮನೆ ಕೆಡವಿ ಕಟ್ಟಿದಾಗ ಮುಂಬಾಗಿಲು ಬೀದಿಯತ್ತ ಸರಿದಿತ್ತು. ಹಳೆಯ ಎತ್ತರದ ಹೊಸ್ತಿಲು ಇದ್ದದ್ದು ಅಲ್ಲಿ, ಈಗಿನ ಹಾಲ್‌ನ ನಡುವೆ. ಮದುವೆಯಾಗಿ ಬಂದ ದಿನದಿಂದ ದಾಟಿದ ಕಾಲು ಅದನ್ನಿನ್ನೂ ಮರೆತಿಲ್ಲ.

ಗುರುಮಲ್ಲಯ್ಯ ಚಪ್ಪಲಿ ಬಿಟ್ಟು ಒಳಹೋಗಿ ಅಲ್ಲಿ ನಿಲ್ಲುತ್ತಾರೆ. ಮೂರು ಹೆಜ್ಜೆ ಮನೆಯೊಳಗೆ, ನಾಲ್ಕು ಬೀದಿಯಲ್ಲಿ. ಸೋಮೇಶ್ ಹಾರೆ ಬೀಸುತ್ತಾನೆ. ನಾಲ್ಕನೇ ಏಟಿಗೆ ಠಣ್ ಎನ್ನುತ್ತದೆ.

ಗುರುಮಲ್ಲಯ್ಯ ಟೀ ಲೋಟ ಎತ್ತಿಕೊಂಡು ಜಗುಲಿಯ ಮೇಲೆ ಕೂರುತ್ತಾರೆ. "ಆರೋಯ್ತಲ್ಲೋ, ಬಿಸಿ ಮಾಡ್ಕೊಡ್ಲಾ?" ಮರಿತಾಯಮ್ಮ ಕೇಳುತ್ತಾರೆ. "ಬುಡವ್ವ, ಇದೇ ಚೆಂದಾಗದೆ."

ಚಂದ್ರಕುಮಾರ್ ಗಾಡಿಯನ್ನು ಒಂದು ಗಂಟೆ ತಡೆದು, ವಾಲ್ವಿನ ಸುತ್ತ ಇಟ್ಟಿಗೆ ಕಟ್ಟಿಸಿ, ಕಬ್ಬಿಣದ ಮುಚ್ಚಳ ಕೂರಿಸುತ್ತಾರೆ. ಅಂಚಿನ ಹಸಿ ಸಿಮೆಂಟಿಗೆ ಮೊಳೆ ಹಿಡಿದು, "ನಿಮ್ಮ ಹೆಸರು ಬರೀಲಾ ಯಜಮಾನ್ರೇ? ರಿಟೈರ್ ಆಗ್ತಿದೀರಂತೆ," ಎನ್ನುತ್ತಾರೆ.

"ನನ್ನೆಸ್ರು ಯಾಕಪ್ಪಾ? ಗಾಣದ ವಾಲ್ವು ಅಂತ ಬರಿ."

ಚಂದ್ರಕುಮಾರ್ ಬೀದಿಯ ಎರಡೂ ಕಡೆ ನೋಡುತ್ತಾರೆ. "ಗಾಣ ಎಲ್ಲಿದೆ ಇಲ್ಲಿ?"

"ನಾಳೀಕೆ ಬರೋನೂ ಇಂಗೇ ಕೇಳ್ಲಿ ಅಂತ್ಲೇ ಕಣಪ್ಪ," ಎನ್ನುತ್ತಾರೆ ಗುರುಮಲ್ಲಯ್ಯ, ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತ. "ಕೇಳುದ್ರೆ ತಾನೆ, ಯಾರಾರ ಯೋಳೋದು."