ಗೊರಿಲ್ಲಾ ತಲೆಯ ಮೇಲಿನ ಕೈ

ಕಾಡಿನ ಸಿನಿಮಾಗಳಲ್ಲಿ ಗೊರಿಲ್ಲಾ ವೇಷ ಹಾಕಿ ನಾಯಕನಿಂದ ಒದೆ ತಿನ್ನುವುದೇ ನಮ್ಮ ಚಿಕ್ಕಪ್ಪನ ಕಸುಬಾಗಿತ್ತು. ತುಪ್ಪಳದೊಳಗೆ ಬೆವೆತು ಬಸವಳಿದು ಪ್ರತಿ ಚಿತ್ರದಲ್ಲೂ ಸತ್ತರು. ಮುಖವನ್ನು ಮಾತ್ರ ಯಾರೂ ನೋಡಲಿಲ್ಲ.

"ಈ ಸಿನಿಮಾ ಗೆದ್ರೆ ವೇದಿಕೆ ಮೇಲೆ ನಿನ್ ಮುಖ ತೋರಿಸ್ತೀನಿ ಕಣಯ್ಯ" ಎಂದು ಆ ಪುಣ್ಯಾತ್ಮ ನಾಯಕ ಮಾತು ಕೊಟ್ಟಿದ್ದ.

ಸಿನಿಮಾ ಗೆದ್ದಿತು. ಸಮಾರಂಭದ ದಿನ ಚಿಕ್ಕಪ್ಪ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಮೇಲೆ ವೇಷ ತೊಟ್ಟರು. ಚಿಕ್ಕಮ್ಮ, ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆವು. ವೇದಿಕೆಯಲ್ಲಿ ಚಿಕ್ಕಪ್ಪ ಗೊರಿಲ್ಲಾ ತಲೆಯನ್ನು ಕಳಚಲು ಹೋದಾಗ, ನಾಯಕ ನಗುನಗುತ್ತಲೇ ಅದನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದ.

"ಬೇಡ, ಜನಕ್ಕೆ ಇದೇ ಇಷ್ಟ" ಎಂದು ಪಿಸುಗುಟ್ಟಿದನಂತೆ.

ಆ ಕ್ಷಣದ ಫೋಟೋ ಮರುದಿನದ ಪೇಪರಿನಲ್ಲಿ ಬಂತು. ಪಕ್ಕದ ಮನೆಯಾಕೆ ಅದನ್ನು ಚಿಕ್ಕಪ್ಪನಿಗೇ ತಂದು ತೋರಿಸಿದರು.

"ಎಷ್ಟು ಪ್ರೀತಿಯಿಂದ ತಲೆ ನೇವರಿಸ್ತಿದಾನೆ ನೋಡಿ."