ಪುಟ್ಟ ಗಾಡಿಗಳ ಮೇಲಿನ ಆಕಾಶ

ವಿಡಿಯೋ ಗೇಮ್ ಮಾಡುವ ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮೋಡದಮ್ಮ ಎಂದೇ. ಗೋ ಕಾರ್ಟ್ ಎಂಬ ಪುಟ್ಟ ಗಾಡಿಗಳ ರೇಸ್ ಆಟಕ್ಕೆ ಆಕಾಶ ಬರೆಯುವುದು ಅವಳ ಕೆಲಸ. ಗಾಡಿ ಬರೆದವರಿಗೆ ಹೆಸರು ಬಂತು, ರಸ್ತೆ ಬರೆದವರಿಗೆ ಬಡ್ತಿ ಬಂತು. ಆಕಾಶವನ್ನು ಯಾರು ಕೇಳಬೇಕು? ಆಡುವವರ ಕಣ್ಣೆಲ್ಲ ಮುಂದಿನ ತಿರುವಿನ ಮೇಲೆ.

ಮೊದಲನೆಯ ಆಟದಲ್ಲಿ ನೆಲ ಹಲಗೆಯಂತೆ ಚಪ್ಪಟೆ. ಪರದೆಯ ಮೇಲಂಚಿನಲ್ಲಿ ರಿಬ್ಬನ್ನಿನಷ್ಟು ಜಾಗ ಅವಳ ಪಾಲಿಗೆ ಬಂತು. ಎರಡು ಮೋಡ ಬರೆದಳು. ಗಾಡಿ ಎತ್ತ ತಿರುಗಿದರೂ ಅವೇ ಎರಡು ಸುತ್ತಿ ಸುತ್ತಿ ಬರುತ್ತಿದ್ದವು. ಮುಂದಿನ ಆಟಕ್ಕೆ ಗುಡ್ಡಗಳು ಬಂದವು. ಏರು ಹತ್ತುವಾಗ ಗಾಡಿ ಮೂಗು ಮೇಲೆತ್ತುತ್ತದಲ್ಲ, ಆ ಒಂದು ಗಳಿಗೆ ಪರದೆ ತುಂಬ ಆಕಾಶ. ಆ ಗಳಿಗೆಗೆಂದು ಊಟ ನಿದ್ದೆ ಬಿಟ್ಟು ಸಂಜೆಗೆಂಪು ಬರೆದಳು. ಆಮೇಲಿನದರಲ್ಲಿ ನಾಲ್ವರು ಒಟ್ಟಿಗೆ ಆಡಬಹುದೆಂದು ಮಕ್ಕಳೆಲ್ಲ ಕುಣಿದರು. ಪರದೆ ನಾಲ್ಕು ಪಾಲಾಗಿ ಇವಳ ಆಕಾಶ ಬೆರಳಗಲಕ್ಕೆ ಇಳಿಯಿತು. ಆ ವರ್ಷ ಅವಳು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಬೇರೆಯವರು ನೋಡದಿದ್ದರೆ ಹಾಳಾಗಲಿ, ಕಟ್ಟಿಕೊಂಡವನೂ ನೋಡಲಿಲ್ಲ ಎಂಬುದೇ ಅವಳ ಸಂಕಟ. ಗಂಡ ಬಸ್ ಡ್ರೈವರ್. ಹೊಸ ಆಟ ಮನೆಗೆ ಬಂದಾಗಲೆಲ್ಲ ಕೈಕಾಲು ತೊಳೆದು ಬಂದು, ಆಡಿ, ಗೆದ್ದುಬಿಡುತ್ತಿದ್ದ.

“ಆಕಾಶ ಹೇಗಿತ್ತು ರೀ?”

“ಯಾವ ಆಕಾಶ?”

“ಮೇಲಿತ್ತಲ್ಲ.”

“ಕಣ್ಣು ರಸ್ತೆ ಬಿಟ್ರೆ ಬಸ್ಸಲ್ಲಿರೋರ ಗತಿ ಏನೇ?”

ಈ ಗಾಡಿಯಲ್ಲಿ ಕೂತಿರುವುದು ಹೆಲ್ಮೆಟ್ ಹಾಕಿದ ಒಂದು ಬಾತುಕೋಳಿ ಮಾತ್ರ ಎಂದು ಎಷ್ಟು ಹೇಳಿದರೂ ಅವನ ತಲೆಗೆ ಹೋಗುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರ ಜೊತೆ ಸಂಸಾರ ಮಾಡುವುದೂ ಸುಲಭವಲ್ಲ.

ಕೊನೆಗೊಮ್ಮೆ ಗಾಡಿಗಳಿಗೆ ರೆಕ್ಕೆ ಬಂತು. ಹೊಸ ಆಟದಲ್ಲಿ ಬೆಟ್ಟದ ತುದಿಯಿಂದ ಹಾರಿ, ತೇಲಿ, ಆಚೆಯ ರಸ್ತೆಗೆ ಇಳಿಯಬೇಕು. ಈಗ ಆಕಾಶವೇ ದಾರಿ. ಮೋಡದಮ್ಮ ಮೈಮರೆತು ಬರೆದಳು. ಒಂದು ಮೋಡ ಇನ್ನೊಂದರೊಳಗೆ ಕರಗುತ್ತಿತ್ತು, ಅದರ ಅಂಚಿನಿಂದ ಬೆಳಕು ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ ಉದುರುತ್ತಿತ್ತು, ಎಲ್ಲೋ ದೂರದಲ್ಲಿ ಬಣ್ಣ ಬದಲಾಗುತ್ತಿತ್ತು. ಬರೆಯುತ್ತ ಬರೆಯುತ್ತ ಅವಳೂ ತೇಲುತ್ತಿದ್ದಳು. ಮನೆಗೆ ಹೋಗುವ ಬಸ್ಸು ಎದುರಿಗೇ ಬಂದು ನಿಂತು ಹೊರಟುಹೋದರೂ ಮೇಲೆ ನೋಡುತ್ತ ಸ್ಟಾಪಿನಲ್ಲೇ ನಿಂತಿರುತ್ತಿದ್ದಳು.

ಆಟವನ್ನು ಆಡಿಸಿ ನೋಡಿದಾಗ ದೂರು ಬಂತು. ಮೋಡಗಳ ನಡುವೆ ಇಳಿಯುವ ರಸ್ತೆಯೇ ಕಾಣುವುದಿಲ್ಲವಂತೆ. ಮ್ಯಾನೇಜರ್ ತಲೆ ಕೆರೆದುಕೊಳ್ಳುತ್ತ ಬಂದ.

“ಅಕ್ಕಾ, ಚೆನ್ನಾಗೇ ಇದೆ. ಆದ್ರೆ ಏನ್ಮಾಡೋದು, ನಾಳೆ ಬಂದು ಇದನ್ನ ತೆಗೆದು ಬರೀ ನೀಲಿ ಹಾಕಿಬಿಡಿ.”

ರಸ್ತೆ ಕಾಣಬೇಕೆಂಬ ಮಾತು ನ್ಯಾಯವೇ ಆಗಿತ್ತು, ಹೊಟ್ಟೆ ಉರಿದದ್ದು ಅದಕ್ಕೇ. ಅವನು ಹೋದ ಮೇಲೆ ಗಂಡನಿಗೆ ಫೋನ್ ಮಾಡಿದಳು.

“ಡ್ಯೂಟಿ ಮುಗಿಸಿ ಇಲ್ಲಿಗೇ ಬನ್ನಿ. ಒಂದೇ ಒಂದ್ಸಲ ಆಕಾಶ ನೋಡಿ. ನಾಳೆ ಇರಲ್ಲ ಅದು.”

ಅವನು ಖಾಕಿ ಬಟ್ಟೆಯಲ್ಲೇ ಬಂದು ಕೂತ. ರೇಸ್ ಶುರುವಾಯಿತು. ಎಂದಿನಂತೆ ಎಲ್ಲರಿಗಿಂತ ಮುಂದೆ. ಇವನೇನು ನೋಡಿಯಾನು ಎಂದು ಅವಳ ಮುಖ ಸಪ್ಪಗಾಯಿತು. ಗಾಡಿ ತಿರುವುಗಳನ್ನೆಲ್ಲ ದಾಟಿ, ಹಾರಬೇಕಾದ ಏರಿಗೆ ಬಂತು. ಅಲ್ಲಿ ಅವನು ವೇಗ ಕಡಿಮೆ ಮಾಡಿ, ಹಿಂದಿನವರಿಗೆ ಅಡ್ಡ ಆಗದಂತೆ ರಸ್ತೆಯ ಎಡಕ್ಕೆ ತಂದು ನಿಲ್ಲಿಸಿದ.

“ಯಾಕ್ರೀ ನಿಲ್ಲಿಸಿದ್ರಿ?”

“ನೋಡೋಕೆ ತಾನೆ ಕರೆದಿದ್ದು? ಓಡಿಸ್ತಾ ಹೇಗೆ ನೋಡ್ಲಿ?”

ಕಂಟ್ರೋಲರನ್ನು ಮೇಜಿನ ಮೇಲಿಟ್ಟ. ಹಿಂದಿದ್ದ ಗಾಡಿಗಳೆಲ್ಲ ಒಂದೊಂದಾಗಿ ಅವನನ್ನು ದಾಟಿ ಹಾರಿಹೋದವು. ಏರಿನಲ್ಲಿ ಮೂಗೆತ್ತಿ ನಿಂತ ಗಾಡಿಯ ಮುಂದೆ, ಪರದೆ ತುಂಬ, ಮೋಡಗಳು ನಿಧಾನವಾಗಿ ಸರಿಯುತ್ತಿದ್ದವು. ಅವನು ಒಂದು ಮೋಡ ಕರಗುವವರೆಗೂ ನೋಡಿದ, ಆಮೇಲೆ ಇನ್ನೊಂದನ್ನು ನೋಡಿದ.

“ಇದನ್ನ ನಾಳೆ ತೆಗೀಲೇಬೇಕಾ?”

“ಹೂಂ.”

“ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.”

ಅವಳು ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.