ಬಿ.ಎ. ಮಾಡಿ ಏನ್ ಮಾಡ್ತಾಳೆ?

ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಜಗಲಿಯಲ್ಲಿ ಹಾಜರಿದ್ದವರು ನಾನು, ಮಗ ಮಂಜುನಾಥ, ಮೊಮ್ಮಗಳು ಚೈತ್ರ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಮತ್ತು ಸೊಸೆ ಸವಿತ. ಹಾಜರಿ ತೆಗೆದುಕೊಳ್ಳದೆ ನನಗೆ ಕಾಫಿ ಇಳಿಯುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಬಸ್ಸುಗಳ ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು ನಾನು. ಬಸ್ಸು ತಡವಾದರೆ ಸಹಿಸಿಯೇನು, ತಡವೇಕೆಂದು ಹೇಳದಿದ್ದರೆ ಸಹಿಸಲಾರೆ.

ಕಾಲೇಜು ಸೇರಲು ನಾಳೆ ಕೊನೆಯ ದಿನ. ಚೈತ್ರಳಿಗೆ ಬಿ.ಎ. ಬೇಕು, ಅದರಲ್ಲೂ ಸಮಾಜಶಾಸ್ತ್ರ ಬೇಕು. ಅವಳಪ್ಪನಿಗೆ ಅವಳು ಬಿ.ಕಾಂ. ಸೇರಬೇಕು.

"ಬಿ.ಎ. ಮಾಡಿ ಏನ್ ಮಾಡ್ತಾಳಪ್ಪ?" ಎಂದು ವಾರದಿಂದ ನನ್ನನ್ನು ಕೇಳುತ್ತಿದ್ದಾನೆ. ಬಿ.ಎ. ಓದಿದ ಅಪ್ಪನ ಸಂಬಳದಲ್ಲಿ ಬೆಳೆದವನು, ಆ ಅಪ್ಪನ ಮುಂದೆಯೇ ಕೂತು ಕೇಳುವ ಪ್ರಶ್ನೆ ಇದು!

ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಾಗಿ ಚೀಲ ಕಂಡು "ಇದರಿಂದ ಏನು ಮಾಡ್ತೀರಿ?" ಎಂದು ನಮ್ಮ ಸೀಮೆಯಲ್ಲಿ ಯಾರಾದರೂ ಕೇಳುತ್ತಾರೆಯೇ? ಮುದ್ದೆ, ರೊಟ್ಟಿ, ಅಂಬಲಿ, ಮಗುವಿಗೆ ರಾಗಿಸರಿ, ಹಸಿದವರಿಗೆ ಏನು ಬೇಕೋ ಅದು. ನನ್ನ ಜೊತೆ ಇತಿಹಾಸ ಓದಿದವನೊಬ್ಬ ಪೊಲೀಸ್ ಸೇರಿದ. ಮೊದಲು ಯಾರಿದ್ದರು, ಆಮೇಲೆ ಯಾರು ಬಂದರು, ಲಾಭ ಯಾರಿಗಾಯಿತು? ತರಗತಿಯ ಪ್ರಶ್ನೆಗಳೇ ಠಾಣೆಯಲ್ಲೂ ನಡೆದವು. ಅರ್ಥಶಾಸ್ತ್ರದವನು ದ್ರಾಕ್ಷಿ ವ್ಯಾಪಾರಕ್ಕಿಳಿದ. ನಾನು ಬಸ್ಸಿಗೆ ಬಂದೆ.

ಆಗ ಕುಂದಾಣದ ಕಡೆಯ ಊರೊಂದರಲ್ಲಿ ಬೆಳಗಿನ ಬಸ್ಸಿಗೆ ಹೆಂಗಸರೇ ಹತ್ತುತ್ತಿರಲಿಲ್ಲ. ತರಕಾರಿ ಬುಟ್ಟಿ ಹೊತ್ತು ಮುಂದಿನ ಊರಿಗೆ ನಡೆದು ಹೋಗಿ ಅಲ್ಲಿ ಹತ್ತುತ್ತಿದ್ದರು. ಸಮಯ ಬದಲಾಯಿಸಿ ಎಂದರು ಡಿಪೋದಲ್ಲಿ ಒಬ್ಬರು, ಬಸ್ಸನ್ನೇ ರದ್ದು ಮಾಡಿ ಎಂದರು ಇನ್ನೊಬ್ಬರು. ನಾನು ಹೋಗಿ ಹೆಂಗಸರನ್ನೇ ಕೇಳಿದೆ. ಬಸ್ಸು ನಿಲ್ಲುತ್ತಿದ್ದದ್ದು ಅರಳಿಕಟ್ಟೆಯ ಮುಂದೆ. ಕಟ್ಟೆಯ ಮೇಲೆ ಊರಿನ ಮಾವಂದಿರ ಸಾಲು. "ಅವ್ರ ಮುಂದೆ ಸೊಸೇರು ಹೆಂಗ್ ನಿಂತ್ಕತಾರೆ ಸಾಮಿ?" ಎಂದಳೊಬ್ಬಳು. ಬಸ್ಸನ್ನು ಹಾಲಿನ ಡೈರಿಯ ಹತ್ತಿರ ನಿಲ್ಲಿಸಲು ಏರ್ಪಾಟು ಮಾಡಿದೆ. ಮರುವಾರ ಕಂಡಕ್ಟರನಿಗೆ ಕಾಲಿಡಲು ಜಾಗವಿರಲಿಲ್ಲ. ಕಟ್ಟೆಯ ಮಾವಂದಿರು ಮಾತ್ರ ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದರು.

ಇದನ್ನೆಲ್ಲ ಸಾವಿರ ಸಲ ಕೇಳಿದ್ದ ಮಗ ಆಕಳಿಸಿದ. ಅಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತಿತು. ಇಳಿದವನು ಸವಿತಳ ತಮ್ಮ ಲೋಕೇಶ, ಎಂಜಿನಿಯರು. ಚೈತ್ರಳಿಗೆ ಸೋದರಮಾವ. ಅವನು ಏನೆನ್ನುತ್ತಾನೋ ಅದೇ ಆಗಲಿ ಎಂದು ಮಂಜುನಾಥ ಕಾಯುತ್ತಿದ್ದ.

ಲೋಕೇಶ ನಿಂತಲ್ಲೇ ಗೃಹಪ್ರವೇಶದ ಪತ್ರಿಕೆ ನನ್ನ ಕೈಗಿಟ್ಟ. "ಎಲ್ರೂ ಬಂದ್ಬಿಡಿ ಮಾವ. ಹೋದ್ಸಲ ನಾಮಕರಣಕ್ಕೆ ಪಕ್ಕಾ ಲೆಕ್ಕ ಹಾಕಿ ಅಡುಗೆ ಮಾಡ್ಸಿದ್ದೆ, ಜನಾನೇ ಬರ್ಲಿಲ್ಲ. ಅರ್ಧ ಅನ್ನ ಮಿಕ್ಕೋಯ್ತು."

"ಅದಿರ್ಲಿ, ಇವಳು ಬಿ.ಎ. ಅಂತಾಳಲ್ಲ, ನೀನೇ ಹೇಳು" ಎಂದ ಮಂಜುನಾಥ.

"ಬಿ.ಎ.ನಾ? ಬೇಡ ಭಾವ! ಅದರಲ್ಲಿ ಏನಿದೆ?"

ಅಡುಗೆಮನೆಯಲ್ಲಿ ಪಾತ್ರೆಯೊಂದು ಧಡ್ಡೆಂದಿತು. ಸವಿತ ಹೊರಗೆ ಬರಲಿಲ್ಲ. ಚೈತ್ರ ಗೇಟಿನ ಕಡೆ ನೋಡಿ ಕೇಳಿದಳು. "ಮಾವ, ಅತ್ತೆ ಎಲ್ಲಿ?"

"ಕಾರಲ್ಲೇ ಅವ್ಳೆ. ಮನೆಮನೆಗೂ ಇಳಿದು ಹತ್ತಿ ಮಾಡಿದ್ರೆ ಊರು ಮುಗಿಯಲ್ಲ ಕಣೆ."

"ಕುಂಕುಮದ ಬಟ್ಟಲು?"

"ಅದೂ ಅಲ್ಲೇ ಐತೆ."

"ನಾಮಕರಣಕ್ಕೆ ಹೆಂಗ್ ಕರ್ದಿದ್ರಿ?"

"ಗಂಡಸ್ರಿಗೆಲ್ಲ ಫೋನ್ ಮಾಡಿದ್ದೆ. ವಾಟ್ಸಾಪೂ ಕಳಿಸಿದ್ದೆ."

"ಅದಕ್ಕೇ ಅನ್ನ ಮಿಕ್ಕಿದ್ದು ಮಾವ. ಒಳಗ್ ಬಂದು ಹೆಂಗಸ್ರಿಗೆ ಕುಂಕುಮ ಕೊಟ್ಟು ಕರೀದಿದ್ರೆ, ಯಾವ ಮನೇಲಿ ಹೊರಡ್ತಾರೆ? ನಿಮ್ಮಕ್ಕನೇ ಈಗ ಪಾತ್ರೆ ಕುಕ್ತಾವ್ಳೆ, ಕೇಳಿಸ್ಲಿಲ್ವಾ?"

ಲೋಕೇಶ ತಲೆ ಕೆರೆದುಕೊಂಡ. "ಇದು ನಮ್ಮಜ್ಜಿಗೂ ಗೊತ್ತಿತ್ತು. ಇದಕ್ಕೂ ಡಿಗ್ರಿ ಬೇಕೇನೆ?"

"ಅಜ್ಜಿಗೆ ಗೊತ್ತಿತ್ತು. ನಿಮಗೆ?"

ಚೈತ್ರ ಉತ್ತರಕ್ಕೆ ಕಾಯದೆ ಹೋಗಿ ಅತ್ತೆಯನ್ನು ಕರೆತಂದಳು. ಒಳಗೆ ಕುಂಕುಮ ಕೊಟ್ಟದ್ದಾಯಿತು, ನಾದಿನಿ ಅತ್ತಿಗೆಯರ ನಗು ಕೇಳಿಸಿತು, ಲೋಕೇಶನಿಗೂ ಕಾಫಿ ಬಂತು.

ಇದಕ್ಕೂ ಡಿಗ್ರಿ ಬೇಕೇ ಎಂಬ ಅವನ ಪ್ರಶ್ನೆಗೆ ನನ್ನದೊಂದು ಉತ್ತರವಿದೆ. ಅಜ್ಜಿಗೆ ತನ್ನೂರು ಗೊತ್ತಿತ್ತು. ಆದರೆ ಈಗ ನಮ್ಮ ಹೊಲಗಳ ಮೇಲೆ ಬಡಾವಣೆಗಳೆದ್ದಿವೆ. ಎದುರುಮನೆಯವರ ಭಾಷೆ ಬೇರೆ, ಹಬ್ಬ ಬೇರೆ, ಮುನಿಸೂ ಬೇರೆ. ಗೊತ್ತಿಲ್ಲದ ಜನರ ನಡುವೆ ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದು ಅಜ್ಜಿಯಿಂದ ಬರುವುದಿಲ್ಲ, ಕಲಿಯಬೇಕು. ಅದನ್ನು ಕಲಿತವಳಿಗೆ ಆಸ್ಪತ್ರೆಯೇನು, ಬ್ಯಾಂಕೇನು, ಪಂಚಾಯಿತಿಯೇನು? ಜನರಿಲ್ಲದ ಕಚೇರಿ ಯಾವುದಾದರೂ ಇದ್ದರೆ ತೋರಿಸಿ, ಅಲ್ಲಿಗೆ ಅವಳು ಬೇಡ.

ಲೋಕೇಶ ಹೊರಡುವಾಗಲೂ ಸೋಲೊಪ್ಪಲಿಲ್ಲ. ಆದರೆ ಪಕ್ಕದ ಮನೆಗೆ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಹೋದ. ಅದನ್ನು ಕಂಡ ಮಂಜುನಾಥ, "ನಾಳೆ ನೀನೇ ಕರ್ಕೊಂಡೋಗಿ ಬಿ.ಎ.ಗೇ ಸೇರ್ಸಪ್ಪ" ಎಂದ.

ಸಂಜೆ ನನ್ನ ಕಪ್ಪು ಬೂಟುಗಳಿಗೆ ಪಾಲಿಶ್ ಹಾಕಲು ಕೂತೆ. ಬಿ.ಎ. ಮಾಡಿ ಏನು ಮಾಡುತ್ತಾಳೆ ಎಂದು ನಾಳೆ ಬಸ್ಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ಕಾರಿನಲ್ಲಿ ಯಾರು ಕೂತೇ ಉಳಿದಿದ್ದಾರೆ ಎಂದು ಮೊದಲು ನೋಡುತ್ತಾಳೆ ಎನ್ನುತ್ತೇನೆ. ಇಷ್ಟು ಯೋಚಿಸುವಷ್ಟರಲ್ಲಿ ಎರಡನೆಯ ಬೂಟಿನ ಪಾಲಿಶೂ ಮುಗಿಯಿತು.